ದಣಿದ ರಾಟೆ

೧೯೪೪ರ ಬೇಸಿಗೆಯಲ್ಲಿ ಶಿವಮೊಗ್ಗದ ಕೋಟೆಯ ಗುಜರಿ ವ್ಯಾಪಾರಿ ಜಂಬಣ್ಣ, ಕಾಡಿನಲ್ಲಿ ಬಿದ್ದ ಮಿಲಿಟರಿ ವಿಮಾನವೊಂದರ ಚೂರುಗಳನ್ನು ಹರಾಜಿನಲ್ಲಿ ಹಿಡಿದ. ಅದರಲ್ಲೊಂದು ಪುಟ್ಟ ಗಾಲಿ. ಅವನ ಹೆಂಡತಿ ಸುಭದ್ರಮ್ಮ ಎತ್ತಿ ನೋಡಿ ಬೆಚ್ಚಿದಳು. ನೋಡಲು ಕಬ್ಬಿಣದಂತೆ, ಎತ್ತಿದರೆ ಒಣ ಸೋರೆಬುರುಡೆಯಷ್ಟೇ ಭಾರ.

"ಬಾವಿಗೊಂದು ರಾಟೆ ಆಯ್ತು ನೋಡು," ಎಂದು ಜಂಬಣ್ಣ ಅದನ್ನೇ ಕಟ್ಟಿಸಿದ.

ಕೆಲವು ವಾರ ಚೆನ್ನಾಗಿಯೇ ತಿರುಗಿತು. ಆಮೇಲೆ ಮೈಮೇಲೆ ಬೂದಿಯಂಥ ಬಿಳಿ ಪುಡಿ ಏಳತೊಡಗಿತು. ಸುಭದ್ರಮ್ಮ ಹಿತ್ತಾಳೆಗೆ ಮಾಡುವಂತೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದಳು. ಗಾಲಿ ಸುಸ್ಸೆಂದು ನೊರೆಯೆದ್ದು ಅಂಗೈಯಡಿ ಬೆಚ್ಚಗಾಯಿತು. ಜ್ವರ ಬಂದವರ ಹಣೆ ಮುಟ್ಟಿದಂತಾಗಿ ಅವಳು ಕೈ ಕಿತ್ತುಕೊಂಡಳು.

"ರೀ, ಇದು ಉಸಿರಾಡ್ತಿದೆ."

"ಸುಮ್ನಿರು ಮಾರಾಯ್ತಿ. ಹುಳಿ ಬಿದ್ರೆ ನೊರೆ ಬರಲ್ವಾ?"

ಪುಡಿ ಕುಡಿಯುವ ನೀರಿಗೆ ಉದುರುತ್ತಿದ್ದುದರಿಂದ ಅವಳು ತಿಕ್ಕುವುದನ್ನು ಬಿಡುವಂತಿರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ, ಕೊಡ ಮೇಲೆ ಬರುವಾಗೆಲ್ಲ ರಾಟೆಯಲ್ಲಿ ಸಣ್ಣ ಸದ್ದು. ಯಾರೋ ಮರುಕದಿಂದ ಲೊಚಗುಟ್ಟಿದ ಹಾಗೆ. ಹಗ್ಗ ಹಿಡಿದು ನಿಂತರೆ ಸದ್ದೂ ನಿಲ್ಲುತ್ತಿತ್ತು. ಎಳೆದರೆ ಮತ್ತೆ ಬರುತ್ತಿತ್ತು.

ಒಂದು ಬೆಳಿಗ್ಗೆ ಸದ್ದೇ ಇರಲಿಲ್ಲ. ಸಮಾಧಾನದಿಂದ ಅವಳು ಕೊಡಕ್ಕೆ ಕೈ ಚಾಚಿದಾಗ ರಾಟೆ ಎರಡು ಹೋಳಾಯಿತು. ಒಂದು ಹೋಳು ಅವಳ ಹಣೆ ಸೀಳಿ ಬಾವಿಗೆ ಬಿತ್ತು.

ಗಾಯ ಮಾಯ್ದ ಮೇಲೆ ಗಂಡಹೆಂಡತಿ ಉಳಿದ ಹೋಳನ್ನು ಭದ್ರಾವತಿಗೆ ಒಯ್ದರು. ಜಂಬಣ್ಣನ ಶಾಲೆಯ ಗೆಳೆಯ ಜನಾರ್ದನ ಅಲ್ಲಿ ಲೋಹ ಪರೀಕ್ಷೆಯ ಕೆಲಸದಲ್ಲಿದ್ದ. ಅವನು ಮುರಿದ ಮುಖವನ್ನು ಬೆಳಕಿಗೆ ಹಿಡಿದ. ಅಂಚಿನಿಂದ ಒಳಕ್ಕೆ ಅಲೆಅಲೆಯಾಗಿ ಕಪ್ಪು ಗೆರೆಗಳು, ಕೊನೆಯಲ್ಲಿ ಮಾತ್ರ ಬೆರಳಗಲ ಹೊಳಪು.

"ಮೆಗ್ನೀಷಿಯಂ ಬೆರಕೆ ಇದು. ಉಪ್ಪು, ಹುಳಿ ತಿಂದುಹಾಕುತ್ತೆ. ಆದ್ರೆ ಬಿರುಕು ನಿಮ್ಮನೇಲಿ ಹುಟ್ಟಿದ್ದಲ್ಲ. ಈ ಹಳೇ ಗೆರೆಗಳಲ್ಲಿ ವಿಮಾನದ ಎಣ್ಣೆ ಇಂಗಿದೆ, ನೋಡಿ. ನೆಲಕ್ಕಿಳಿದಾಗೆಲ್ಲ ಒಂಚೂರು ಸೀಳಿದೆ. ಲೋಹಕ್ಕೂ ದಣಿವಾಗುತ್ತಮ್ಮ. ಹೊರಗೆ ಕಾಣಲ್ಲ."

"ವಿಮಾನದಲ್ಲಿ ಕೂತಿದ್ದೋನಿಗೂ ಗೊತ್ತಿರ್ಲಿಲ್ವಾ?" ಎಂದಳು ಸುಭದ್ರಮ್ಮ.

"ಅವನಿಗೆ ಹೇಗೆ ಗೊತ್ತಾಗ್ಬೇಕು?"

ವಾಪಸು ಬರುವ ರೈಲಿನಲ್ಲಿ ಜಂಬಣ್ಣ ಮರದ ರಾಟೆ ಮಾಡಿಸುವ ಮಾತಾಡುತ್ತಿದ್ದ. ಸುಭದ್ರಮ್ಮ ಕೂರಲೇ ಇಲ್ಲ. ಕಿಟಕಿಯ ಕಬ್ಬಿಣದ ಸರಳಿಗೆ ಕಿವಿಯಿಟ್ಟು, ರಾಟೆಯ ಆ ಲೊಚಗುಟ್ಟುವ ಸದ್ದನ್ನು ಹುಡುಕುವವಳಂತೆ ಬಗ್ಗಿ ನಿಂತಿದ್ದಳು.

"ಏನೇ ಅದು?"

ಅವಳು ಕೈಯೆತ್ತಿ ಸುಮ್ಮನಿರಿಸಿದಳು. ಎದುರು ಕೂತಿದ್ದವರು ಮಾತು ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಇಡೀ ಡಬ್ಬಿಯೇ ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳತೊಡಗಿತು.