ಹದಿನೈದನೇ ಗುಳಿಯ ಬೆಂಚು

ನಮ್ಮೂರಿನ ಗಾಲ್ಫ್ ಮೈದಾನದಲ್ಲಿ ಹುಲ್ಲು ಕತ್ತರಿಸುವುದು ನನ್ನ ಕೆಲಸ. ಯಂತ್ರದ ಮೇಲೆ ಕೂತವನಿಗೆ ಎಲ್ಲವೂ ಕಾಣುತ್ತದೆ. ಭಾನುವಾರ ಬೆಳಗ್ಗೆ ಆಡುವವರು ಬರುತ್ತಾರೆ. ದೊಡ್ಡ ಮನುಷ್ಯರೇನಲ್ಲ; ಬೇಕರಿಯವರು, ಬಸ್ ಓಡಿಸುವವರು, ಮೇಷ್ಟ್ರುಗಳು. ಬೂಟಿನ ಲೇಸು ಕಟ್ಟುತ್ತಾರೆ, ಆಕಳಿಸುತ್ತಾರೆ, ಮೊದಲ ಚೆಂಡಿಗೇ ಮೈಯಲ್ಲಿರುವ ಶಕ್ತಿಯನ್ನೆಲ್ಲ ಹಾಕಿ ಸ್ಟಿಕ್ ಬೀಸುತ್ತಾರೆ. ವಾರವಿಡೀ ಕುರ್ಚಿಯಲ್ಲಿ ಕೂತ ಸೊಂಟ ಅದನ್ನು ಹೇಗೆ ತಡೆದುಕೊಳ್ಳಬೇಕು? ಮಧ್ಯಾಹ್ನ ಅಯ್ಯೋ ಅಮ್ಮಾ ಎನ್ನುತ್ತ ಮನೆಗೆ ಹೋಗುತ್ತಾರೆ. ನೋಡಿ ನೋಡಿ ನನಗೆ ಸಿಟ್ಟೇ ಬರುತ್ತದೆ.

ಇವರಲ್ಲಿ ಮೊದಲಿಗರು ನಮ್ಮ ಪಕ್ಕದ ಮನೆಯ ಗಡಿಯಾರದಣ್ಣ. ವಯಸ್ಸು ಐವತ್ತೆರಡು. ದಿನಕ್ಕೆ ಒಂಬತ್ತು ಗಂಟೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಬೆನ್ನು ಬಗ್ಗಿಸಿ ಗಡಿಯಾರ ರಿಪೇರಿ ಮಾಡುತ್ತಾರೆ. ಅವರ ಹೆಂಡತಿ ಹೊಲಿಗೆಯಕ್ಕ. ಅವರೂ ಆಡುತ್ತಾರೆ, ಗಂಡನಿಗಿಂತ ಚೆನ್ನಾಗಿಯೇ ಆಡುತ್ತಾರೆ. ವರ್ಷಕ್ಕೊಮ್ಮೆ ನಮ್ಮಲ್ಲಿ ಜೋಡಿ ಪಂದ್ಯ ನಡೆಯುತ್ತದೆ. ಇಬ್ಬರೂ ತಂತಮ್ಮ ಚೀಲ ಹೊತ್ತು, ಹದಿನೆಂಟು ಗುಳಿಗೂ ಚೆಂಡು ಹಾಕಿ, ನಡೆದೇ ಮುಗಿಸಬೇಕು. ಎಂಟು ಕಿಲೋಮೀಟರಿಗೆ ಕಡಿಮೆಯಿಲ್ಲದ ನಡಿಗೆ. ಒಬ್ಬರು ಕೈಚೆಲ್ಲಿದರೂ ಜೋಡಿ ಔಟ್.

ಮೂರು ವರ್ಷದಿಂದ ಈ ಗಂಡ ಹೆಂಡತಿ ಪಂದ್ಯ ಮುಗಿಸಿಯೇ ಇಲ್ಲ. ಹದಿನೈದನೇ ಗುಳಿಯ ಹತ್ತಿರ ಒಂದು ಬೆಂಚಿದೆ. ಅಲ್ಲಿಗೆ ಬರುವಷ್ಟರಲ್ಲಿ ಅಣ್ಣನ ಸೊಂಟ ಹಿಡಿದುಕೊಳ್ಳುತ್ತದೆ. ಕೂತರೆ ಮತ್ತೆ ಏಳುವುದಿಲ್ಲ. ಗುಳಿಯೊಳಗಿನ ಚೆಂಡನ್ನು ಬಗ್ಗಿ ಎತ್ತಲೂ ಆಗದೆ, "ಏನೇ, ಅದೊಂದು ಎತ್ಕೊಡೇ" ಅನ್ನುವುದು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು. ಕಳೆದ ವರ್ಷ ಅಕ್ಕ ಎರಡೂ ಚೀಲ ಹೊತ್ತು ವಾಪಸ್ ನಡೆದು ಬಂದರು.

ಈ ವರ್ಷ ಪಂದ್ಯಕ್ಕೆ ಮೂರು ತಿಂಗಳಿರುವಾಗ ಅಣ್ಣ ಒಂದು ಹೊಸ ಸ್ಟಿಕ್ ತಂದರು. ಅದನ್ನು ತೋರಿಸಲು ನನ್ನನ್ನೂ ಮನೆಗೆ ಕರೆದರು. ಅಂದು ಅಕ್ಕನ ತಂಗಿಯೂ ಬಂದಿದ್ದರು. ಆಕೆ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುವವರು. ಅಂದರೆ ಹಿಡಿದುಕೊಂಡ ಸೊಂಟಕ್ಕೆ, ಸೋತ ಕಾಲಿಗೆ ವ್ಯಾಯಾಮ ಕಲಿಸುವವರು.

"ಇದ್ರಲ್ಲಿ ಹೊಡೆದ್ರೆ ಚೆಂಡು ಇಪ್ಪತ್ತು ಗಜ ಜಾಸ್ತಿ ಹೋಗತ್ತಂತೆ," ಎಂದರು ಅಣ್ಣ.

"ಭಾವ, ಯಾರಾದ್ರೂ ನಿಧಾನ ಓಡೋ ಕೈಗಡಿಯಾರ ತಂದ್ರೆ, ನೀವು ಬೆಲ್ಟ್ ಬದಲಾಯಿಸಿ ಕಳಿಸ್ತೀರಾ?" ಎಂದು ನಾದಿನಿ ಕೇಳಿದರು.

"ಛೆ, ಬಿಚ್ಚಿ ಒಳಗೆ ನೋಡ್ತೀನಿ."

"ಮತ್ತೆ? ಚೆಂಡು ಹೊಡೆಯೋದು ಸ್ಟಿಕ್ ಅಲ್ಲ, ನೀವು. ನಿಮ್ಮ ಒಳಗೆ ಯಾವಾಗ ನೋಡೋದು?"

ಹೊಲಿಗೆ ಯಂತ್ರದ ಹಿಂದೆ ಅಕ್ಕ ಕಿಸಕ್ಕೆಂದರು. ಅಣ್ಣ ಮೂಗು ಮುರಿದರು. "ಗಾಲ್ಫ್ ಏನು ಕುಸ್ತಿನಾ? ಆಡೋದೇ ಒಂದು ವ್ಯಾಯಾಮ. ಅದಕ್ಕೆ ಇನ್ನೊಂದು ವ್ಯಾಯಾಮ ಬೇರೆ!"

"ಸರಿ, ಒಂಟಿ ಕಾಲಲ್ಲಿ ನಿಂತ್ಕೊಳ್ಳಿ. ಟೈಮ್ ನೀವೇ ನೋಡ್ಕೊಳ್ಳಿ."

ಅಣ್ಣ ಕೈಗಡಿಯಾರ ನೋಡುತ್ತ ಠೀವಿಯಿಂದ ಕಾಲೆತ್ತಿದರು. ಏಳನೇ ಸೆಕೆಂಡಿಗೆ ನನ್ನ ಹೆಗಲು ಹಿಡಿದರು. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳಿ ಎಂದರೆ ಆರಕ್ಕೇ ಉಸ್ಸೆಂದರು. ಬೇರೆ ಯಾರು ಹೇಳಿದ್ದರೂ ನಂಬುತ್ತಿರಲಿಲ್ಲ. ಆದರೆ ಏಳು ಸೆಕೆಂಡು ಅಂತ ಹೇಳಿದ್ದು ಅವರದೇ ಗಡಿಯಾರ.

"ಬೀಸೋ ಬಲ ಬರೋದು ಕಾಲು, ತೊಡೆ, ಹೊಟ್ಟೆಯಿಂದ ಭಾವ. ಅವು ಗಟ್ಟಿ ಇಲ್ದಿದ್ರೆ ಭಾರ ಎಲ್ಲಾ ಸೊಂಟದ ಮೇಲೇ ಬೀಳತ್ತೆ."

ಆಗ ಅಕ್ಕ ಯಂತ್ರ ನಿಲ್ಲಿಸಿದರು. "ರೀ, ಈ ಸಲ ನಾನು ಪಂದ್ಯ ಮುಗಿಸ್ಲೇಬೇಕು. ನಿಮ್ಮ ಜೊತೆನೇ ಮುಗಿಸ್ಬೇಕು. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ."

ಅಣ್ಣ ಹೊಸ ಸ್ಟಿಕ್ಕನ್ನು ಮೂಲೆಗೆ ಒರಗಿಸಿದರು. "ಏನ್ಮಾಡ್ಬೇಕು ಹೇಳಮ್ಮ," ಎಂದರು.

ಮೊದಲು ಡಾಕ್ಟರಿಗೆ ತೋರಿಸಿ ಬಂದರು. ಆಮೇಲೆ ದಿನಾ ಅರ್ಧ ಗಂಟೆ ಬಿರುಸಿನ ನಡಿಗೆ. ವಾರಕ್ಕೆ ಮೂರು ದಿನ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯೂರಿ ದಂಡ ಹೊಡೆಯುವುದು, ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು. ಹಲ್ಲುಜ್ಜುವಾಗ ಒಂಟಿ ಕಾಲಿನ ನಿಲುವು. ಅಂಗಡಿಯಲ್ಲಿ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ. ಅಕ್ಕನೂ ಜೊತೆಗೂಡಿದರು. ಗೋಡೆಯಾಚೆಯಿಂದ ಅವರ ಎಣಿಕೆ ನನಗೆ ಕೇಳುತ್ತಿತ್ತು.

ಎರಡನೇ ವಾರ ಅಣ್ಣ ಒಂದು ಎಡವಟ್ಟು ಮಾಡಿಕೊಂಡರು. ದಿನಕ್ಕೆ ಹತ್ತು ಸಲ ಕುರ್ಚಿಯಿಂದ ಏಳಿ ಎಂದಿದ್ದರೆ, ಬೆಳಗಿನಿಂದ ಸಂಜೆಯೊಳಗೆ ಐವತ್ತು ಸಲ ಎದ್ದರು. ಎರಡು ದಿನ ಮೆಟ್ಟಿಲು ಇಳಿಯಲೂ ಆಗಲಿಲ್ಲ. "ಇದು ನಮ್ಮಂಥೋರಿಗಲ್ಲ ಬಿಡು," ಎಂದು ನಾದಿನಿಗೆ ಫೋನ್ ಮಾಡಿದರು.

"ಕೀ ಕೊಡೋ ಗಡಿಯಾರಕ್ಕೆ ವಾರದ ಕೀನೆಲ್ಲ ಒಂದೇ ದಿನ ಕೊಡ್ತೀರಾ ಭಾವ? ದಿನಾ ಅಷ್ಟಷ್ಟೇ. ನಡುವೆ ವಿಶ್ರಾಂತಿ. ಈಗ ಎರಡು ದಿನ ಸುಮ್ನಿರಿ, ಆಮೇಲೆ ಐದರಿಂದ ಶುರು ಮಾಡಿ."

ಅಣ್ಣ ಐದರಿಂದ ಶುರು ಮಾಡಿದರು. ಒಂಟಿ ಕಾಲಿನ ಏಳು ಸೆಕೆಂಡು ಹನ್ನೆರಡಾಯಿತು. ಎರಡು ತಿಂಗಳಿಗೆ ಮೂವತ್ತಾಯಿತು. ಹಠ ಅಂದರೆ ಹಠ.

ಪಂದ್ಯದ ದಿನ ಇಬ್ಬರೂ ಇಪ್ಪತ್ತು ನಿಮಿಷ ಮೊದಲೇ ಬಂದರು. ನಿಂತಲ್ಲೇ ಹೆಜ್ಜೆ ಹಾಕಿದರು, ತೋಳು ಬೀಸಿದರು, ಮೈಯನ್ನು ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿದರು. ಚಿಕ್ಕ ಸ್ಟಿಕ್ಕಿನಲ್ಲಿ ಅರ್ಧರ್ಧ ಬೀಸಿ ನೋಡಿದರು. ಬೇಕರಿಯವರು ನಕ್ಕರು. "ಏನಣ್ಣ, ಡ್ಯಾನ್ಸಾ?"

"ಹೌದಪ್ಪಾ, ಕೊನೇವರೆಗೂ ಕುಣೀಬೇಕಲ್ಲ!"

ನಾನು ಕೆಲಸ ಬಿಟ್ಟು ಹದಿನೈದನೇ ಗುಳಿಯ ಬಳಿ ಕಾದು ನಿಂತೆ. ಅವರು ಬಂದರು. ಅಕ್ಕ ಅಭ್ಯಾಸಬಲದಿಂದ ಚೀಲವನ್ನು ಬೆಂಚಿನ ಮೇಲಿಟ್ಟು ಗಂಡನ ಮುಖ ನೋಡಿದರು.

"ಯಾಕೇ ನಿಂತೆ? ಸುಸ್ತಾಯ್ತಾ?" ಎಂದರು ಅಣ್ಣ.

"ನನಗಾ?" ಎಂದು ಅಕ್ಕ ಚೀಲ ಎತ್ತಿಕೊಂಡರು. ಬೆಂಚು ಖಾಲಿಯಾಗಿಯೇ ಉಳಿಯಿತು.

ಹದಿನೆಂಟನೇ ಗುಳಿಗೆ ಅಕ್ಕನ ಚೆಂಡು ಕೊನೆಯದಾಗಿ ಬಿತ್ತು. ಎತ್ತಲು ಅವರು ಬಗ್ಗುವಷ್ಟರಲ್ಲಿ ಅಣ್ಣ ತಡೆದರು. ಮಂಡಿ ಮಡಚಿ ಬಗ್ಗಿ, ಎರಡೂ ಚೆಂಡು ತೆಗೆದು, ಎಲ್ಲೂ ಕೈ ಊರದೆ ಎದ್ದರು. ಹೆಂಡತಿಯ ಚೆಂಡನ್ನು ಅವರ ಅಂಗೈಯಲ್ಲಿಟ್ಟರು. "ಇನ್ಮೇಲೆ ನಿಂದೂ ನಾನೇ ಎತ್ಕೊಡ್ತೀನಿ," ಎಂದರು. ಅಕ್ಕ ನಗುತ್ತಲೇ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಹನ್ನೊಂದು ಜೋಡಿಗಳಲ್ಲಿ ಅವರಿಗೆ ಬಂದಿದ್ದು ಒಂಬತ್ತನೇ ಸ್ಥಾನ. ಅದನ್ನು ಯಾರು ಕೇಳಿದರು!

ಆಡುವ ಅಣ್ಣಂದಿರೇ, ಅಕ್ಕಂದಿರೇ, ಹೊಸ ಸ್ಟಿಕ್ ಆಮೇಲೆ ತನ್ನಿ. ಮೊದಲು ಮೈ ಸಿದ್ಧಮಾಡಿ. ಆಟಕ್ಕೆ ಮುಂಚೆ ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ವಾರಕ್ಕೆ ಮೂರು ದಿನ ಕಾಲಿಗೆ, ಹೊಟ್ಟೆಗೆ, ಬೆನ್ನಿಗೆ ಕೆಲಸ ಕೊಡಿ. ಸ್ವಲ್ಪದರಿಂದ ಶುರು ಮಾಡಿ. ನೋವು ಕಾಲಿಗಿಳಿದರೆ, ಎದೆ ಹಿಡಿದಂತಾದರೆ, ತಕ್ಷಣ ನಿಲ್ಲಿಸಿ ಡಾಕ್ಟರ ಬಳಿ ಹೋಗಿ. ಇವತ್ತು ಹಲ್ಲುಜ್ಜುವಾಗಲೇ ಒಂಟಿ ಕಾಲಲ್ಲಿ ನಿಂತು ನೋಡಿ, ಎಷ್ಟು ಸೆಕೆಂಡು ಅಂತ ನೀವೇ ಎಣಿಸಿ. ಹದಿನೈದನೇ ಗುಳಿಯ ಬೆಂಚಿಗೆ ನಾನು ಹೊಸ ಬಣ್ಣ ಬಳಿದಿದ್ದೇನೆ. ದಯವಿಟ್ಟು ಅದರ ಮೇಲೆ ಸೊಂಟ ಹಿಡಿದುಕೊಂಡು ಕೂರಲು ಬರಬೇಡಿ.