ಬೆನ್ನು ಕೊಟ್ಟು ಮಲಗಿದ ಕೂಸು

ಮೂರನೆಯ ಸಲವೂ ಸೊಸೆ ಸ್ಕ್ಯಾನಿಂಗ್ ಕೋಣೆಯಿಂದ ಮುಖ ಊದಿಸಿಕೊಂಡೇ ಹೊರಗೆ ಬಂದಳು.

"ಏನಂತೆ?" ಎಂದೆ.

"ಇನ್ನೇನು? ಬೆನ್ನು ಮೇಲೆ ಮಾಡ್ಕೊಂಡು ಮಲಗಿದೆಯಂತೆ. ಬೆನ್ನುಮೂಳೆ ಅಡ್ಡ ಬಂದ್ರೆ ಹೃದಯ ಕಾಣಲ್ವಂತೆ. ಇನ್ನೊಂದು ಸುತ್ತು ಓಡಾಡಿ ಬಾ ಅಂದ್ರು."

ಹೊಟ್ಟೆಯೊಳಗಿನ ಕೂಸಿಗೆ ಐದು ತಿಂಗಳು. ಇವಳ ಮೊದಲ ಮಗಳು ಹುಟ್ಟಿದಾಗ ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆ ಪೂರ್ತಿ ಬೆಳೆದಿರಲಿಲ್ಲ. ಹಾಲು ಕುಡಿಯುವಷ್ಟು ದಮ್ಮಿಲ್ಲದೆ ಬೆವರಿ ಒದ್ದೆಯಾಗುತ್ತಿದ್ದ ಕೂಸು. ಆಪರೇಷನ್ ಮಾಡಿಸಿ ಹೇಗೋ ಉಳಿಸಿಕೊಂಡೆವು. ಈಗ ಮಂಚ ಮುರಿಯುವ ಹಾಗೆ ಕುಣಿಯುತ್ತಾಳೆ, ಅದು ಬೇರೆ ಮಾತು. ಆದರೆ ಈ ಕೂಸಿನ ಗೋಡೆ ಮುಚ್ಚಿದೆಯೋ ಇಲ್ಲವೋ ತಿಳಿಯುವ ತನಕ ಇದಕ್ಕೊಂದು ಅಂಗಿಯನ್ನೂ ಹೊಲಿಯುವುದಿಲ್ಲ ಎಂದು ಸೊಸೆ ಹಟ ಹಿಡಿದಿದ್ದಳು. ನಮ್ಮ ಬೀದಿಯ ಮಕ್ಕಳಿಗೆಲ್ಲ ಬಟ್ಟೆ ಹೊಲಿದುಕೊಡುವವಳು ಅವಳೇ.

ಓಣಿಯಂಥ ಆ ಉದ್ದನೆಯ ಪಡಸಾಲೆಯಲ್ಲಿ ಮತ್ತೆ ಆ ತುದಿಯಿಂದ ಈ ತುದಿಗೆ ನಡೆದೆವು.

"ಎಡ ಮಗ್ಗುಲಾಗಿ ನೋಡಿದ್ಯಾ?"

"ಎಡ ಆಯ್ತು, ಬಲ ಆಯ್ತು. ತಣ್ಣಗಿರೋ ಜ್ಯೂಸ್ ಕುಡಿದ್ರೆ ತಿರುಗುತ್ತೆ ಅಂದ್ರು, ಕುಡಿದೆ. ನನ್ನ ಹಲ್ಲು ಜುಂ ಅಂತು, ಇದು ಜಪ್ಪಯ್ಯ ಅನ್ನಲಿಲ್ಲ. ಇನ್ನು ತಲೆಕೆಳಗಾಗಿ ನಿಲ್ಲೋದೊಂದು ಬಾಕಿ ಅತ್ತೆ."

ನಮ್ಮ ನಂತರ ಬಂದವರೆಲ್ಲ ಒಳಗೆ ಹೋಗಿ, ಮುಖ ಅರಳಿಸಿಕೊಂಡು ಮನೆಯ ದಾರಿ ಹಿಡಿಯುತ್ತಿದ್ದರು. ಸೊಸೆ ಒಬ್ಬೊಬ್ಬರನ್ನೂ ಕಣ್ಣಲ್ಲೇ ಸುಟ್ಟು ಕಳಿಸಿದಳು.

ಪಡಸಾಲೆಯ ತುದಿಯಲ್ಲಿ ನೀರು ಶುದ್ಧ ಮಾಡುವ ಯಂತ್ರ. ಅದರ ಹಿಂದಿನ ಗೋಡೆಗೆ ಹೃದಯ ಬೆಳೆಯುವ ಬಗೆಯನ್ನು ಬರೆದ ಪಟವಿತ್ತು. ಅಕ್ಷರ ತಡವಾಗಿ ಕಲಿತದ್ದಕ್ಕೋ ಏನೋ, ಕಣ್ಣಿಗೆ ಬಿದ್ದದ್ದನ್ನು ಓದದೆ ಬಿಡಲಾರೆ. ಕಾಯುವ ಬೇಸರಕ್ಕೆ ಅದರಲ್ಲಿ ಕಂಡಷ್ಟು ಭಾಗ ಆಗಲೇ ಬಾಯಿಪಾಠವಾಗಿತ್ತು.

"ಕೇಳು ಇಲ್ಲಿ. ಮೊದಲು ಎರಡು ಸಣ್ಣ ಕೊಳವೆ ಇರುತ್ತವಂತೆ. ಅವು ಕೂಡಿ ಒಂದಾಗೋದು. ನಿನಗೆ ಮುಟ್ಟು ತಪ್ಪಿ ಒಂದು ವಾರ ಆಗೋ ಹೊತ್ತಿಗೆಲ್ಲ ಆ ಕೊಳವೆ ಮಿಡಿಯೋಕೆ ಶುರು ಮಾಡಿತ್ತು ಕಣೇ."

"ಆಗ ನಾನು ಯಾರದೋ ರವಿಕೆಗೆ ಗುಂಡಿ ಹಚ್ತಾ ಇದ್ದಿರಬೇಕು."

"ಹೂಂ. ಆಮೇಲೆ ಅದು ಉದ್ದ ಬೆಳೆದೂ ಬೆಳೆದೂ, ಇರೋ ಚೀಲದಲ್ಲಿ ಜಾಗ ಸಾಲದೆ ಬಲಕ್ಕೆ ಬಾಗಿ ಮಡಚಿಕೊಳ್ಳುತ್ತೆ. ಮಡಚಿದ ಮೇಲೆ ಒಳಗೆ ಗೋಡೆ ಏಳೋದು. ಮೇಲೆ ಎರಡು ಕೋಣೆ, ಕೆಳಗೆ ಎರಡು. ಎಲ್ಲ ಎರಡು ತಿಂಗಳು ತುಂಬೋದ್ರೊಳಗೆ."

"ಅಂದ್ರೆ ಆಗೋದೆಲ್ಲ ಯಾವತ್ತೋ ಆಗಿಹೋಗಿದೆ. ನಮಗೆ ಹೇಳೋಕೆ ಮಾತ್ರ ಇದಕ್ಕೆ ಪುರುಸೊತ್ತಿಲ್ಲ." ಹೊಟ್ಟೆಯ ಮೇಲೆ ಮೆಲ್ಲಗೆ ಒಂದು ಬಡಿದಳು. "ಕೆಳಗೇನೋ ಇನ್ನೂ ಬರೆದಿದೆಯಲ್ಲ?"

"ಯಂತ್ರ ಅಡ್ಡ ಇದೆ. ಬಿಡು, ಗೋಡೆ ಎದ್ದ ಮೇಲೆ ಇನ್ನೇನಿರುತ್ತೆ?"

ಅಷ್ಟರಲ್ಲಿ ಕರೆದರು. ಈ ಸಲ ನಾನೂ ಒಳಗೆ ಹೋದೆ. ಡಾಕ್ಟರಮ್ಮ ಹೊಟ್ಟೆಗೆ ಅಂಟು ಹಚ್ಚಿ ಯಂತ್ರ ಊರಿದರು. "ಸದ್ಯ! ತಿರುಗಿದೆ. ಯಾರೂ ಉಸಿರೆತ್ತಬೇಡಿ," ಎಂದರು.

ಪರದೆಯ ಮೇಲೆ ಬೂದಿಬಣ್ಣದ ಅಂಗೈಯಗಲ ಜಾಗದಲ್ಲಿ ನಾಲ್ಕು ಕೋಣೆಗಳು ಮಿಡುಕುತ್ತಿದ್ದವು. ಪಟದಲ್ಲಿದ್ದ ಹಾಗೆಯೇ! ನಾನು ಮುಂದೆ ಬಾಗಿದೆ. ಎರಡು ಕೋಣೆಗಳ ನಡುವಿನ ಗೋಡೆ ಬರುತ್ತಾ ಬರುತ್ತಾ ಒಂದು ಕಡೆ ನಿಂತೇಹೋಗಿತ್ತು. ಅಲ್ಲೊಂದು ಕಿಂಡಿ. ಕಿಂಡಿಯಲ್ಲಿ ತೆಳ್ಳಗಿನದೇನೋ ಪಟಪಟನೆ ಬಡಿದುಕೊಳ್ಳುತ್ತಿತ್ತು.

"ಅಯ್ಯೋ ದೇವರೇ, ಇದಕ್ಕೂ ತೂತು!"

ಬಾಯಿಂದ ಬಿದ್ದೇಹೋಯಿತು. ಸೊಸೆ ಧಡಕ್ಕನೆ ಎದ್ದು ಕುಳಿತಳು. ಅವಳನ್ನು ಸಮಾಧಾನ ಮಾಡಿ ಮತ್ತೆ ಮಲಗಿಸಿ ನೋಡಿದರೆ ಪರದೆ ತುಂಬ ಬರೀ ಬೆನ್ನು.

ಡಾಕ್ಟರಮ್ಮ ಯಂತ್ರ ಕೆಳಗಿಟ್ಟರು. "ಅಜ್ಜೀ, ನಿಮಗೆ ಯಾರು ಹೇಳಿದ್ದು ತೂತು ಅಂತ? ಅದು ಮೇಲಿನ ಕೋಣೆಗಳ ನಡುವಿನ ಬಾಗಿಲು. ಈಗ ತೆರೆದೇ ಇರ್ಬೇಕು. ಹೊಟ್ಟೆಯೊಳಗೆ ಮಗು ಗಾಳಿ ಎಳೆಯುತ್ತಾ? ಒಳ್ಳೆ ರಕ್ತ ತಾಯಿಯ ಕಡೆಯಿಂದ, ಹೊಕ್ಕುಳಬಳ್ಳಿಯಲ್ಲಿ ಬರುತ್ತೆ. ಶ್ವಾಸಕೋಶದ ದಾರಿ ಬಿಟ್ಟು ಆ ಬಾಗಿಲಿನಿಂದಲೇ ಆಚೆ ದಾಟ್ಬೇಕು. ಹುಟ್ಟಿ ಉಸಿರಾಡಿದ ಮೇಲೆ ಬಾಗಿಲು ಮುಚ್ಚಿಕೊಳ್ಳುತ್ತೆ."

"ಹಾಗಾದ್ರೆ ಕೆಳಗಿನ ಗೋಡೆ?" ಎಂದಳು ಸೊಸೆ.

"ಅದನ್ನು ನೋಡೋಕೆ ಹೊರಟಿದ್ದೆ. ನಿಮ್ಮತ್ತೆ ಬಿಟ್ರಾ? ಹೋಗಿ, ಓಡಾಡಿ ಬನ್ನಿ."

ಮತ್ತೆ ಅದೇ ಪಡಸಾಲೆ. ಸೊಸೆ ಮುಂದೆ, ನಾನು ಹಿಂದೆ. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. ನೀರಿನ ಯಂತ್ರದ ಬಳಿ ಬಂದಾಗ ಗೋಡೆಗೆ ಕೆನ್ನೆ ಒತ್ತಿ, ಸಂದಿಯಲ್ಲಿ ಒಂದು ಕಣ್ಣು ತೂರಿಸಿದೆ. ಬಾಗಿಲಿನ ವಿಷಯ ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ಕೈ ಕೈ ಹಿಸುಕಿಕೊಂಡೆ.

"ಸಿಕ್ಕಿತಾ?" ಸೊಸೆ ದೂರದಿಂದಲೇ ಕೇಳಿದಳು.

"ಸಿಕ್ಕಿತು."

"ಒಂದು ಗಳಿಗೆ ಮುಂಚೆ ಸಿಕ್ಕಿದ್ರೆ ಇಷ್ಟೊತ್ತಿಗೆ ಮನೇಲಿರ್ತಿದ್ವಿ."

ಅವಳು ಕಾಲು ಬಾತು ಚಪ್ಪಲಿ ಬಿಚ್ಚಿ ನಡೆದಳು. ಆ ಚಪ್ಪಲಿ ಹಿಡಿದು ನಾನೂ ನಡೆದೆ. ಕೊನೆಗೆ ಕರೆದಾಗ, "ನೀವು ಇಲ್ಲೇ ಇರಿ," ಎಂದು ಒಳಗೆ ಹೋದಳು. ಮುಚ್ಚಿದ ಕದದ ಮುಂದೆ ಕೂತೆ. ಒಳಗಿನಿಂದ ಒಂದು ಮಾತೂ ಕೇಳಿಸಲಿಲ್ಲ. ಈ ಸಲ ಉಸಿರು ಬಿಗಿಹಿಡಿದದ್ದು ಯಾರೂ ಹೇಳದೆಯೇ.

ಕದ ತೆರೆಯಿತು. ಸೊಸೆಯ ಮೂಗು ಕೆಂಪಾಗಿತ್ತು.

"ಕೆಳಗಿನ ಗೋಡೆ ಮುಚ್ಚಿದೆ ಅತ್ತೆ. ಅವರ ಕಣ್ಣಿಗೆ ಕಾಣೋಷ್ಟು ಪೂರ್ತಿ ಮುಚ್ಚಿದೆ ಅಂದ್ರು. ಹುಟ್ಟಿದ ಮೇಲೆ ಇನ್ನೊಮ್ಮೆ ನೋಡ್ತಾರಂತೆ."

ನಾನು ಅವಳ ಕೈ ಹಿಡಿಯಹೋದೆ. ಅವಳು ಚಪ್ಪಲಿ ಕಿತ್ತುಕೊಂಡಳು.

"ಅಳೋಕೆಲ್ಲ ಹೊತ್ತಿಲ್ಲ. ಬಟ್ಟೆ ಅಂಗಡಿ ಮುಚ್ಚೋದ್ರೊಳಗೆ ಹೋಗ್ಬೇಕು, ಮೆತ್ತನೆ ಹತ್ತಿ ಬಟ್ಟೆ ಬೇಕು. ಮತ್ತೆ ಅತ್ತೆ, ಅಂಗಡೀಲಿ ಬಾಯಿ ಬಿಡಬೇಡಿ. ಅಳತೆ ನಾನು ಹೇಳ್ತೀನಿ."