ಬಚ್ಚಲಮನೆ ಕಿಟಕಿಯ ಎಕ್ಸ್‌ರೇ

ಕೇರಿಯವರಿಗೆಲ್ಲ ಅವರು ಫಿಲಂ ಮಾವ. ಸಿನಿಮಾದವರಲ್ಲ, ಮೂವತ್ತು ವರ್ಷ ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಎಕ್ಸ್‌ರೇ ತೊಳೆದವರು. ಕೆಂಪು ದೀಪದಡಿ, ಔಷಧದ ನೀರಿನಲ್ಲಿ ಎಲುಬುಗಳು ಮೆಲ್ಲಗೆ ಮೂಡಿಬರುತ್ತಿದ್ದ ಆ ಕಾಲವೇ ಕಾಲ. ನಿವೃತ್ತಿಯಾಗಿ ಒಂಬತ್ತು ವರ್ಷವಾದರೂ ಆ ಹುಳಿ ವಾಸನೆ ಅವರ ಮೂಗು ಬಿಟ್ಟಿಲ್ಲ. ಕಂಪ್ಯೂಟರ್ ಎಂದರೆ ಮಾತ್ರ ಅಷ್ಟಕ್ಕಷ್ಟೆ. ಕೈಗೆ ಸಿಗದ ಚಿತ್ರವನ್ನು ಯಾರು ನಂಬುತ್ತಾರೆ ಎನ್ನುತ್ತಿದ್ದರು.

ಹೀಗಿರುವಾಗ ಹೆಂಡತಿಗೆ ಕೆಮ್ಮು ಹಿಡಿಯಿತು. ಎಕ್ಸ್‌ರೇ ತೆಗೆದರೆ ಶ್ವಾಸಕೋಶದಲ್ಲಿ ಕಡಲೆಕಾಳಿನಷ್ಟು ಚುಕ್ಕೆ. ಇದು ಹೊಸದಾದರೆ ಸೂಜಿ ಚುಚ್ಚಿ ಪರೀಕ್ಷೆ ಮಾಡಬೇಕಾದೀತು, ಹಳೆಯ ಎಕ್ಸ್‌ರೇ ಇದ್ದರೆ ತನ್ನಿ ಎಂದರು ಡಾಕ್ಟರಮ್ಮ.

ಮಾವ ಮನೆಗೆ ಬಂದವರೇ ಬಚ್ಚಲಮನೆಗೆ ಹೋಗಿ ನಿಂತರು. ಹನ್ನೊಂದು ವರ್ಷದ ಹಿಂದಿನದು ಇತ್ತು, ತಾವೇ ತೊಳೆದದ್ದು. ಆದರೆ ಬಚ್ಚಲಮನೆ ಕಿಟಕಿಯ ಗಾಜು ಒಡೆದಾಗ ಆ ಫಿಲಂ ಹಾಳೆಯನ್ನೇ ಅಳತೆಗೆ ಕತ್ತರಿಸಿ ಅಂಟಿಸಿಬಿಟ್ಟಿದ್ದರು. ಬಿಸಿಲು, ಹಬೆ ತಾಗಿ ಈಗ ಅದರಲ್ಲಿ ಒಂದು ಪಕ್ಕೆಲುಬೂ ಉಳಿದಿರಲಿಲ್ಲ.

“ನನ್ನ ಎದೆಗೂಡನ್ನ ಕಿಟಕಿಗೆ ಹಾಕಿದ್ರಲ್ರೀ,” ಎಂದು ನಗಲು ಹೋದ ಹೆಂಡತಿಯ ಕಣ್ಣು ತುಂಬಿತು.

ಮರುದಿನ ಇಬ್ಬರೂ ಆಸ್ಪತ್ರೆಗೆ ಹೋದರು. ಈಗ ಅಲ್ಲಿ ಎಕ್ಸ್‌ರೇ ತೆಗೆಯುವಾಕೆ ಮಾವನ ಕೈಕೆಳಗೇ ಕೆಲಸ ಕಲಿತವಳು. ಮಾವ ತಲೆ ತಗ್ಗಿಸಿ ನಡೆದದ್ದನ್ನು ಹೇಳಿದರು. ಆಕೆ ಬೈಯಲಿಲ್ಲ, ಆ ಎಕ್ಸ್‌ರೇ ನಂಬರಿದ್ದ ಹಳೆಯ ಆಸ್ಪತ್ರೆ ಚೀಟಿ ಇಸಿದುಕೊಂಡು ಕಂಪ್ಯೂಟರಿನಲ್ಲಿ ನಂಬರು ಒತ್ತಿದಳು.

“ಆ ವರ್ಷದಿಂದಲೇ ಎಲ್ಲಾ ಫಿಲಂನೂ ಕಂಪ್ಯೂಟರಿಗೆ ಹಾಕಿ ಅಂತ ಆರ್ಡರ್ ಬಂದಿತ್ತಲ್ಲ ಗುರುಗಳೇ. ನೀವು ಗೊಣಗ್ತಾ ಇದ್ರಿ, ನಾನು ಹಾಕ್ತಾ ಇದ್ದೆ.”

ಹಳೆಯ ಚಿತ್ರ, ಹೊಸ ಚಿತ್ರ ಅಕ್ಕಪಕ್ಕ ಬಂದವು. ಅದೇ ಜಾಗ, ಅದೇ ಚುಕ್ಕೆ. ಡಾಕ್ಟರಮ್ಮ ಬಂದು ಎರಡನ್ನೂ ಅಳೆದರು. ಇಂಥ ಚುಕ್ಕೆಗಳ ಬಗ್ಗೆ ಸಾವಿರಾರು ರೋಗಿಗಳನ್ನು ನೋಡಿ ತಜ್ಞರು ಬರೆದಿಟ್ಟ ಸೂಚನೆಗಳೂ ಅದೇ ಕಂಪ್ಯೂಟರಿನಲ್ಲಿದ್ದವು. ಅವನ್ನೂ ತೆರೆದು ಓದಿದರು.

“ಅಂದಾಜಿನ ಮೇಲೆ ಹೇಳ್ತಿಲ್ಲಮ್ಮ. ಇಷ್ಟು ವರ್ಷದಲ್ಲಿ ಇದು ಒಂಚೂರೂ ಬೆಳೆದಿಲ್ಲ. ಹಳೇ ಗಾಯದ ಕಲೆ. ಸೂಜಿ ಬೇಡ, ಕೆಮ್ಮಿಗೆ ಔಷಧಿ ಕೊಡ್ತೀನಿ.”

ಹೆಂಡತಿಯ ಮುಖ ಅರಳಿತು. ಮಾವ ಮಾತ್ರ ಹಳೆಯ ಚಿತ್ರವನ್ನೇ ನೋಡುತ್ತಿದ್ದರು. ಅದರ ಮೂಲೆಯಲ್ಲಿ, ಬಿಳಿ ಶಾಯಿಯಲ್ಲಿ, ಅವರದೇ ಕೈಬರಹದ ನಂಬರು ಹಾಗೇ ಇತ್ತು. ಅವರಿಗೆ ಅಳು ತಡೆಯಲಾಗಲಿಲ್ಲ.

ನಿಮ್ಮ ಮನೆಯಲ್ಲೂ ಹಳೆಯ ಎಕ್ಸ್‌ರೇ, ಸ್ಕ್ಯಾನ್ ಇದ್ದೀತು. ಆಸ್ಪತ್ರೆಗೆ ಹೋಗುವಾಗ ಜೊತೆಗೆ ಒಯ್ಯಿರಿ. ನಂಬರಿರುವ ಚೀಟಿಯನ್ನು ಜೋಪಾನ ಮಾಡಿ. ಹಳೆಯದರ ಜೊತೆ ಹೋಲಿಸಿ ನೋಡಿ ಎಂದು ಡಾಕ್ಟರನ್ನು ಕೇಳಲು ಸಂಕೋಚ ಬೇಡ. ಕಿಟಕಿಗೆ ಗಾಜನ್ನೇ ಹಾಕಿಸಿ.